ತಂತಿಯ ಈ ತುದಿ

ಬಂಗ್ಲಾ, ಬಸವಕಲ್ಯಾಣ
೧೮ ಜನವರಿ ೨೦೨೫, ಶನಿವಾರ

ಮನಿಷಾಳ ಅಪ್ಪನವರಿಗೆ ಸುಮನಬಾಯಿಯ ನಮಸ್ಕಾರ.

ಮೊದಲು ನಿಮ್ಮ ಕಣ್ಣಿನ ಸುದ್ದಿ ತಿಳಿಸಿ. ಮಂಜು ಸ್ವಲ್ಪ ಇಳಿದಿದೆಯೋ, ಹಾಗೇ ಇದೆಯೋ? ಸೋಲಾಪುರದ ಡಾಕ್ಟರು ಏನಂದರು ಎಂದು ನೀವು ಇವತ್ತಿನವರೆಗೆ ಬಾಯಿಬಿಟ್ಟು ಹೇಳಿಲ್ಲ. ಊಟ ಸೇರುತ್ತದೆಯೇ? ಮನಿಷಾ ರೊಟ್ಟಿ ಬಡಿಯುತ್ತಾಳೋ, ಅನ್ನ ಬೇಯಿಸಿ ಕೈ ತೊಳೆದುಕೊಳ್ಳುತ್ತಾಳೋ? ಎರಡೂ ಹೊತ್ತು ಅನ್ನವಾದರೆ ನಿಮಗೆ ಮೂರನೆಯ ದಿನಕ್ಕೆ ಹೊಟ್ಟೆ ಬಿಗಿಯುತ್ತದೆ ಎಂದು ಅವಳಿಗೆ ಗೊತ್ತು, ಆದರೂ ಒಂದು ಮಾತು ನೆನಪು ಮಾಡಿ. ಪೂನಂ ಅಜ್ಜನ ಹೆಗಲಿನಿಂದ ಕೆಳಗೆ ಇಳಿಯುತ್ತಾಳೋ ಇಲ್ಲವೋ. ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತಲ್ಲ ಅನ್ನುತ್ತೀರಿ. ಕೇಳಿದ್ದೇನೆ. ಎರಡು ತಿಂಗಳಿಂದ ನೀವು ಫೋನಿನಲ್ಲಿ ‘ಹೂಂ’ ಅನ್ನುವುದು ಬಿಟ್ಟರೆ ಬೇರೆ ಅಕ್ಷರ ಆಡಿಲ್ಲ. ಹೂಂ ಅನ್ನುವವರ ಹತ್ತಿರ ದೊಡ್ಡ ಮಾತು ಆಡಲು ಬರುವುದಿಲ್ಲ, ನಡುವೆಯೇ ಕಡಿದುಹೋಗುತ್ತದೆ. ಚಿಟಗುಪ್ಪದ ಸಾಲೆಯಲ್ಲಿ ಏಳನೆಯ ಇಯತ್ತೆ ತನಕ ಕಲಿತದ್ದು ಇವತ್ತಾದರೂ ಉಪಯೋಗಕ್ಕೆ ಬರಲಿ ಎಂದು ಬರೆಯಲು ಕುಳಿತೆ. ಟ್ರೇಲರಿನ ಮೆಹಬೂಬಭಾಯ್ ಮಧ್ಯಾಹ್ನ ಸೋಲಾಪುರಕ್ಕೆ ಲೋಡು ತೆಗೆದುಕೊಂಡು ಹೊರಟಿದ್ದಾರೆ, ಅವರ ಕೈಯಲ್ಲೇ ಕೊಡುತ್ತೇನೆ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ನಮ್ಮ ಶೆಡ್ಡಿನ ಅಲ್ತಾಫನ ಕೈಯಲ್ಲಿ ಬರೆಸಿದೆ. ಇಷ್ಟು ವರ್ಷ ಬಾಯಲ್ಲಿ ಆಡದ ಹೆಸರನ್ನು ಕೈಯಲ್ಲಿ ಬರೆಯಲು ನಾಚಿಕೆಯಾಯಿತು, ನಗಬೇಡಿ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಬೇಕು, ಬರೆಯುತ್ತೇನೆ. ನಮ್ಮ ರಿಪೇರಿ ಶೆಡ್ಡು ನಿಂತಿದೆ, ಮೇಲಿನ ತಗಡು ಒಂದು ಗಾಳಿಗೆ ಎದ್ದಿತ್ತು, ಅಲ್ತಾಫ್ ಹತ್ತಿ ಮೊಳೆ ಹೊಡೆದ. ಪಾಪ, ಹದಿನಾರು ವರ್ಷ ನಿಮ್ಮ ಜೊತೆಗೆ ವೆಲ್ಡಿಂಗು, ಗಾಡಿಯ ಸ್ಪ್ರಿಂಗ್ ಪಾಟಾ ಕೆಲಸ ಮಾಡಿದವನು, ನೀವು ಹೋದ ಮೇಲೆ ಗಿರಾಕಿಗಳಿಗೆ ‘ಅಲೈನ್‌ಮೆಂಟ್ ಬಂದ್ ಅದರಿ’ ಅಂತ ಹೇಳಿ ಹೇಳಿ ಸೋತಿದ್ದಾನೆ. ಹೇಳುವಾಗಲೆಲ್ಲ ಗೋಡೆಯ ಕಡೆ ನೋಡುತ್ತಾನೆ. ಅಲ್ಲಿ ಮೊಳೆಗೆ ನೀವು ಸುತ್ತಿ ನೇತುಹಾಕಿ ಹೋದ ತಂತಿ ಹಾಗೇ ಇತ್ತು. ಅದರ ಮೇಲೆ ದಸರೆಯಲ್ಲಿ ನಾನು ಹಚ್ಚಿದ ಕುಂಕುಮವೂ ಹಾಗೇ ಇತ್ತು. ಜೇಡ ಬಲೆ ಕಟ್ಟಿತ್ತು, ನಾನು ತೆಗೆಯಲಿಲ್ಲ. ಸಿಟ್ಟಿತ್ತು ನನಗೆ, ನಿಮ್ಮ ಮೇಲೂ, ತಂತಿಯ ಮೇಲೂ.

ಆ ತಂತಿ ನೋಡಿದಾಗಲೆಲ್ಲ ನನಗೆ ಮದುವೆಯಾಗಿ ಬಂದ ಮೊದಲನೆಯ ತಿಂಗಳು ನೆನಪಾಗುತ್ತದೆ. ನನಗಾಗ ಗಾಡಿ ಎಂದರೆ ಬಸ್ಸು, ಇಲ್ಲವೆಂದರೆ ನಮ್ಮಪ್ಪನ ಎತ್ತಿನ ಬಂಡಿ. ನಲವತ್ತು ಅಡಿ ಉದ್ದದ ಟ್ರೇಲರ್ ಒಂದು ಬಂದು ಶೆಡ್ಡಿನ ಮುಂದೆ ನಿಂತಿತ್ತು. ಮುಂದೆ ಎಳೆಯುವ ಎಂಜಿನ್ ಗಾಡಿ, ಹಾರ್ಸ್, ಒಂದು ಕಡೆ ಹೋದರೆ ಹಿಂದಿನ ಟ್ರೇಲರ್ ಬಾಲ ಸೊಟ್ಟ ಮಾಡಿಕೊಂಡು ಇನ್ನೊಂದು ಕಡೆ ಸರಿಯುತ್ತದೆ ಎಂದು ಡ್ರೈವರ್ ಗೋಳಾಡುತ್ತಿದ್ದ. ನೀವು ದೊಡ್ಡ ಮಷೀನು ತರುತ್ತೀರೆಂದು ನಾನು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ನೀವು ತಂದದ್ದು ಒಂದು ತಂತಿ. ಟ್ರೇಲರಿನ ಮುಂಭಾಗದ ಕೆಳಗೆ ಮುಷ್ಟಿಗಾತ್ರದ ಕಬ್ಬಿಣದ ಗೂಟ ಇರುತ್ತದೆ, ಕಿಂಗ್‌ಪಿನ್, ಹಾರ್ಸ್ ಅದನ್ನು ಕಚ್ಚಿ ಹಿಡಿದೇ ಇಡೀ ಟ್ರೇಲರನ್ನು ಎಳೆಯುವುದು, ಎಂದು ತೋರಿಸಿದಿರಿ. ಆ ಗೂಟದ ನಟ್ಟನಡುವಿನಿಂದ ಹಿಂದಿನ ಎಕ್ಸೆಲಿನ ಎಡ ತುದಿಗೆ ತಂತಿ ಎಳೆದಿರಿ, ಅದೇ ತಂತಿಯನ್ನು ಬಲ ತುದಿಗೆ ಎಳೆದಿರಿ. ಎರಡೂ ಒಂದೇ ಆಗಬೇಕು, ಅಷ್ಟೇ. ಎಷ್ಟು ಅಡಿ ಎಂದು ನಾನು ಕೇಳಿದ್ದಕ್ಕೆ ನೀವು ಅಂದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ: ‘ಎಷ್ಟರೆ ಇರ್ಲಿ, ನಮಗ್ಯಾಕ ಬೇಕು? ಎರಡೂ ಕಡಿ ಒಂದ ಇದ್ರ ಸಾಕು.’ ಲೆಕ್ಕವಿಲ್ಲ, ಅಂಕಿಯಿಲ್ಲ. ಒಂದು ಕಡೆ ಒಂದು ಬೆರಳು ಹೆಚ್ಚಿತ್ತು. ಎಕ್ಸೆಲನ್ನು ಹಿಂದೆ ಮುಂದೆ ಸರಿಸುವ ರಾಡು ತಿರುವಿ ಆ ಒಂದು ಬೆರಳು ತೆಗೆದಿರಿ. ಡ್ರೈವರ್ ರಸ್ತೆಗೆ ಹೋಗಿ ಒಂದು ಸುತ್ತು ಹಾಕಿ ಬಂದು ನಿಮ್ಮ ಕೈ ಹಿಡಿದುಕೊಂಡ. ಒಂದು ಬೆರಳಿನಷ್ಟು ಸೊಟ್ಟಕ್ಕೆ ಅಷ್ಟು ದೊಡ್ಡ ಗಾಡಿ ಹಾದಿ ಬಿಡುತ್ತದೆ, ಒಂದು ತಂತಿ ಹಿಡಿದು ಒಬ್ಬ ಮನುಷ್ಯ ಅದನ್ನು ಹಾದಿಗೆ ತರುತ್ತಾನೆ. ನಾನು ಬಾಯಿ ತೆರೆದು ನಿಂತಿದ್ದೆ, ಒಲೆಯ ಮೇಲಿನ ಹಾಲು ಉಕ್ಕಿ ಹೋಗಿತ್ತು, ನಿಮ್ಮ ಅವ್ವನ ಕೈಯಲ್ಲಿ ಬೈಸಿಕೊಂಡೆ.

ಆಮೇಲೆ ಆ ಗೂಟದ ಕಡೆಯ ತುದಿ ನನ್ನ ಕೈಗೆ ಬಂತು. ಕೆಲಸಕ್ಕೆ ಬಂದವರು ಯಾರೂ ಅಲ್ಲಿ ಅಲುಗಾಡದೆ ಮಲಗುತ್ತಿರಲಿಲ್ಲ. ಒಬ್ಬನಿಗೆ ಬೀಡಿ, ಒಬ್ಬನಿಗೆ ಕೆಮ್ಮು. ಒಂದು ದಿನ ನೀವು ಅಡುಗೆಮನೆಗೆ ಬಂದು ನಾನು ರೊಟ್ಟಿ ಬಡಿಯುವುದನ್ನು ಬಹಳ ಹೊತ್ತು ನೋಡಿ, ಅಂಚು ಎಲ್ಲೂ ದಪ್ಪ ತೆಳ್ಳಗೆ ಆಗುವುದಿಲ್ಲವಲ್ಲ, ಈ ಕೈ ನನಗೆ ಬೇಕು ಎಂದಿರಿ. ಲೇತಿನಲ್ಲಿ ಮಾಡಿಸಿದ ಟೊಪ್ಪಿಗೆಯನ್ನು ಗೂಟಕ್ಕೆ ತೊಡಿಸುವುದು, ಅದರ ನಡುವಿನ ಕುಳಿಯಲ್ಲಿ ತಂತಿಯ ತುದಿಯ ಹಿತ್ತಾಳೆ ಗುಂಡನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದು. ನನ್ನ ಕೆಲಸ ಇಷ್ಟೇ. ನೀವು ಹಿಂದಿನಿಂದ ‘ಹಿಡ್ದಿ?’ ಅನ್ನುತ್ತಿದ್ದಿರಿ, ನಾನು ಕೆಳಗಿನಿಂದ ‘ಹಿಡ್ದೀನ್ರಿ’ ಅನ್ನುತ್ತಿದ್ದೆ. ಒಂದು ಸಲ ಕೇಳುವುದು, ಒಂದು ಸಲ ಹೇಳುವುದು. ಎರಡನೆಯ ಸಲ ನೀವು ಕೇಳಿದ್ದೇ ಇಲ್ಲ. ಮನಿಷಾ ಹೊಟ್ಟೆಯಲ್ಲಿದ್ದಾಗ ಐದು ತಿಂಗಳ ತನಕ ಮಲಗಿ ಹಿಡಿದಿದ್ದೇನೆ. ಅಲ್ತಾಫ್ ಒಮ್ಮೆ, ಭಾಬಿಗೆ ಯಾಕೆ ತ್ರಾಸು, ಅಲ್ಲೊಂದು ಕೊಂಡಿ ವೆಲ್ಡ್ ಮಾಡಿ ಕೊಡುತ್ತೇನೆ, ತಂತಿ ಸಿಗಿಸಿದರೆ ಆಯಿತು ಎಂದ. ನೀವು ಒಪ್ಪಲಿಲ್ಲ. ‘ಕೊಂಡಿ ಸವೀತದ, ಸುಳ್ಳ ಹೇಳ್ತದ. ಆಕಿ ಹೆಬ್ಬಟ್ಟ ಸುಳ್ಳ ಹೇಳಲ್ಲ’ ಅಂದಿರಿ. ಅವತ್ತು ನನಗೆ ಎಷ್ಟು ಜಂಬ ಬಂದಿತ್ತೆಂದರೆ ಸಂಜೆಗೆ ಹೋಳಿಗೆ ಮಾಡಿದ್ದೆ, ಯಾಕೆಂದು ನಿಮಗೆ ಹೇಳಿರಲಿಲ್ಲ.

ಈಗ ನಿಮಗೆ ಬೇಡವಾದ ಮಾತಿಗೆ ಬರುತ್ತೇನೆ, ಕಾಗದ ಮಡಚಿ ಇಡಬೇಡಿ. ಹೋದ ವರ್ಷ ಮಳೆಗಾಲದ ಮೇಲೆ ಎರಡು ಗಾಡಿ ದೂರು ತಂದವು. ಡ್ರೈವರುಗಳು ಓವರ್‌ಲೋಡು ಮಾಡಿರುತ್ತಾರೆ ಎಂದು ನೀವು, ಗುಂಡಿಯಲ್ಲಿ ಹಾರಿಸಿರುತ್ತಾರೆ ಎಂದು ನಾನು, ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೀಪಾವಳಿ ಮುಗಿದ ಮೇಲೆ ಮೆಹಬೂಬಭಾಯ್ ಬಂದರು. ಇಪ್ಪತ್ತು ವರ್ಷದಿಂದ ನಿಮ್ಮ ಕೈಬಿಟ್ಟು ಬೇರೆಯವರ ಕೈಗೆ ಗಾಡಿ ಕೊಡದವರು. ಅವರು ಜಗಳಾಡಲಿಲ್ಲ, ಆಡಿದ್ದರೆ ಒಳ್ಳೆಯದಿತ್ತು. ನಿಮ್ಮ ಕೈ ಹಿಡಿದು ಟೈರಿನ ಮೇಲೆ ಆಡಿಸಿದರು. ‘ಹಿಂಗ ಸವರಿದ್ರ ಮೆತ್ತಗ, ಹಂಗ ಸವರಿದ್ರ ಗರಗಸ. ನೋಡ್ರಿ ಮಿಸ್ತ್ರಿ’ ಅಂದರು. ದಸರೆಯಲ್ಲಿ ನಾವು ಸರಿ ಮಾಡಿ ಕಳಿಸಿದ ಗಾಡಿ, ಪುಣೆಗೆ ನಾಲ್ಕು ಸಲ ಹೋಗಿ ಬರುವುದರೊಳಗೆ ಎಂಟು ಟೈರು ತಿಂದು ಹಾಕಿತ್ತು. ನಿಮ್ಮ ಮುಖ ನೋಡಲಾಗಲಿಲ್ಲ ನನಗೆ. ಅಲ್ಲೇ ತಂತಿ ತಂದಿರಿ, ನಾನು ಕೆಳಗೆ ಹೋಗಿ ಮಲಗಿದೆ. ‘ಹಿಡ್ದಿ?’ ಅಂದಿರಿ, ‘ಹಿಡ್ದೀನ್ರಿ’ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ‘ಹಿಡ್ದಿ?’ ಅಂದಿರಿ. ಹೇಳಿದೆ. ಮೂರನೆಯ ಸಲ ಕೇಳಿದಾಗ ದನಿ ಬಹಳ ಸಣ್ಣಗಿತ್ತು. ಮೂರನೆಯ ಸಲವೂ ‘ಹಿಡ್ದೀನ್ರಿ’ ಅಂದೆ, ಸ್ವಲ್ಪ ಸಿಟ್ಟಿನಿಂದಲೇ ಅಂದೆ. ನೀವು ಎದ್ದು ತಂತಿ ಸುತ್ತಿದಿರಿ. ಮೆಹಬೂಬಭಾಯ್‌ಗೆ, ಅಲ್ತಾಫನಿಗೆ, ನನಗೆ, ಮೂವರಿಗೂ ಕೇಳುವ ಹಾಗೆ ‘ನನ್ನ ಕಣ್ಣ ಮಂಜಾಗ್ಯಾವ. ಇನ್ನ ಈ ಕೆಲಸ ನನ್ನಿಂದ ಆಗಂಗಿಲ್ಲ’ ಎಂದು ಹೇಳಿ ತಂತಿಯನ್ನು ಮೊಳೆಗೆ ಹಾಕಿದಿರಿ. ಮೂರನೆಯ ದಿನ ಬ್ಯಾಗು ಹಿಡಿದು ರಸ್ತೆಯಲ್ಲಿ ನಿಂತಿರಿ. ಪೆಟ್ರೋಲ್ ಬಂಕಿನ ಆಚೆ ಬಸ್ಸು ಇನ್ನೂ ಬೆಂಕಿಕಡ್ಡಿ ಪೆಟ್ಟಿಗೆಯಷ್ಟು ಕಾಣುವಾಗಲೇ ‘ಸೋಲಾಪುರದ್ದು ಬಂತು’ ಎಂದು ಕೈ ಮಾಡಿ ನಿಲ್ಲಿಸಿ ಹತ್ತಿಕೊಂಡು ಹೋದಿರಿ.

ಊರವರ ಬಾಯಿಗೆ ಬೀಗ ಹಾಕಲು ಬರುತ್ತದೆಯೇ? ಮಿಸ್ತ್ರಿ ಕಣ್ಣು ಹೋಯಿತು, ಶೆಡ್ಡು ಮುಚ್ಚಿತು ಎಂದು ಬಂಗ್ಲಾದಿಂದ ಹುಮನಾಬಾದ ತನಕ ಚಹಾ ಅಂಗಡಿಗಳಲ್ಲಿ ಮಾತಾಯಿತು. ನನಗೆ ಮುಖ ಎತ್ತಿ ತಿರುಗಲು ಆಗುತ್ತಿರಲಿಲ್ಲ. ಹಾಗೇ ಹೊಲದ ಪೂಜೆಯ ಹಬ್ಬ ಎಳ್ಳಮಾಸಿ ಬಂತು. ನೀವಿಲ್ಲದೆ ಮೊದಲನೆಯ ಎಳ್ಳಮಾಸಿ. ತವರಿನವರು ಹೊಲಕ್ಕೆ ಕರೆದಿದ್ದರು, ಬೆಳಿಗ್ಗೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದೆ. ಏನೋ ಸುಟ್ಟ ವಾಸನೆ ಬಂತು. ರೊಟ್ಟಿ ತಿರುವಿ ನೋಡಿದೆ, ರೊಟ್ಟಿ ಚೆನ್ನಾಗಿಯೇ ಇತ್ತು. ಆಮೇಲೆ ನೋಡುತ್ತೇನೆ, ಸುಡುತ್ತಿದ್ದದ್ದು ನನ್ನ ಬಲಗೈ ಹೆಬ್ಬೆರಳು. ಕಾದ ಹಂಚಿನ ಮೇಲೆ ಇಟ್ಟುಕೊಂಡೇ ಕುಳಿತಿದ್ದೇನೆ, ಬೊಬ್ಬೆ ಎದ್ದಿದೆ, ನನಗೆ ಏನೂ ಗೊತ್ತಾಗಿಲ್ಲ. ಹುಮನಾಬಾದಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಆ ಕಡೆ ಮುಖ ಮಾಡಿ ಕೂಡಿಸಿ, ಸೂಜಿ ಚುಚ್ಚುತ್ತೇನೆ, ಗೊತ್ತಾದಾಗ ಹೇಳಿರಿ ಎಂದರು. ನಾನು ಕಾದು ಕಾದು ‘ಇನ್ನಾ ಚುಚ್ಚಿಲ್ಲಲ್ರಿ?’ ಎಂದು ಕೇಳಿದೆ. ಅವರು ಆಗಲೇ ನಾಲ್ಕು ಸಲ ಚುಚ್ಚಿದ್ದರು. ಸಕ್ಕರೆ ಕಾಯಿಲೆ, ಬಲಗೈಯ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ಜೋಮು ಹಿಡಿದಿದೆ, ಒಂದು ವರ್ಷದ ಮೇಲೇ ಆಗಿರಬೇಕು ಎಂದರು. ಎಡಗೈ ಇನ್ನೂ ಚೆನ್ನಾಗಿದೆಯಂತೆ.

ನಾನು ಹೆದರಿದೆ. ಕಾಯಿಲೆಗೆ ಅಲ್ಲ. ಆ ಹೆಬ್ಬೆರಳು ಯಾವುದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಕುಳಿಯಲ್ಲಿ ಗುಂಡು ಕುಳಿತಿದೆಯೋ ಜಾರಿದೆಯೋ ನನಗೆ ತಿಳಿಯುತ್ತಿದ್ದದ್ದು ಅದರಿಂದ. ಅದಕ್ಕೆ ಬೆಂಕಿಯೇ ತಿಳಿಯದಿದ್ದ ಮೇಲೆ ಹಿತ್ತಾಳೆ ಗುಂಡು ಜಾರಿದ್ದು ಹೇಗೆ ತಿಳಿದೀತು? ನಾನು ಹಿಡಿದಿದ್ದೇನೆ ಎಂದುಕೊಂಡು ‘ಹಿಡ್ದೀನ್ರಿ’ ಅಂದೆ. ಹಿಡಿದಿರಲಿಲ್ಲ. ದವಾಖಾನೆಯಿಂದ ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ದಾರಿಯುದ್ದಕ್ಕೂ ಅತ್ತೆ, ಜನ ನೋಡುತ್ತಿದ್ದರು, ನೋಡಲಿ ಎಂದು ಅತ್ತೆ. ಆ ಎಂಟು ಟೈರು ತಿಂದದ್ದು ನಿಮ್ಮ ಕಣ್ಣಲ್ಲ, ನನ್ನ ಕೈ. ಇಷ್ಟು ಬರೆಯಲು ನನಗೆ ಮೂರು ವಾರ ಬೇಕಾಯಿತು.

ಬರೆಯದೆ ಇದ್ದುಬಿಡುತ್ತಿದ್ದೆನೇನೋ. ಆದರೆ ಮೊನ್ನೆ ಗುರುವಾರ ಬೆಳಿಗ್ಗೆ, ಸಂಕ್ರಾಂತಿ ಆಗಿ ಎರಡೇ ದಿನ, ಮೆಹಬೂಬಭಾಯ್ ಗಾಡಿ ಕುಂಟುತ್ತ ಬಂದು ಶೆಡ್ಡಿನ ಮುಂದೆ ನಿಂತಿತು. ನವೆಂಬರಿನಲ್ಲಿ ಬೇರೆ ಊರಿನಲ್ಲಿ ಸರಿ ಮಾಡಿಸಿಕೊಂಡಿದ್ದರು. ಈಗ ಎಡಗಡೆಯ ಪಾಟಾ ಕಟ್ಟಿ ಹಿಡಿಯುವ ಸೆಂಟರ್ ಬೋಲ್ಟ್ ಮುರಿದು ಮೊದಲನೆಯ ಎಕ್ಸೆಲ್ಲೇ ಜಾರಿತ್ತು. ಅಲ್ತಾಫ್ ಬೋಲ್ಟ್ ಹಾಕಿದ, ಸವೆದ ಬುಶ್ ಎರಡು ಬದಲಿಸಿದ. ಆದರೆ ಎಕ್ಸೆಲ್ ಮತ್ತೆ ಕೂರಿಸುವವರು ಯಾರು? ಹುಮನಾಬಾದಿಗೆ ಕಳಿಸೋಣ ಎಂದ ಅಲ್ತಾಫ್. ಆಗ ನಾನು ಯಾವ ಧೈರ್ಯದಿಂದ ಹೇಳಿದೆನೋ ಪಾಂಡುರಂಗನಿಗೇ ಗೊತ್ತು. ಮೊದಲು ನನ್ನ ಹೆಬ್ಬೆರಳು ತೋರಿಸಿದೆ. ಹಿಂದಿನದು ನನ್ನ ತಪ್ಪು ಎಂದು ಇಬ್ಬರ ಮುಂದೆಯೂ ಹೇಳಿದೆ. ಆಮೇಲೆ, ನಾನು ನಮ್ಮವರ ತುದಿ ಹಿಡಿಯುತ್ತೇನೆ, ಎಡಗೈಯಲ್ಲಿ, ನೀವು ಗೂಟದ ಕಡೆ ಮಲಗುತ್ತೀರಾ ಎಂದು ಮೆಹಬೂಬಭಾಯ್‌ರನ್ನು ಕೇಳಿದೆ. ಅವರು ಆ ಸುಟ್ಟ ಕಲೆಯನ್ನು ನೋಡಿದರು. ಆಮೇಲೆ ಟೋಪಿ ತೆಗೆದು ಅಲ್ತಾಫನ ಕೈಗೆ ಕೊಟ್ಟು ಗಾಡಿ ಕೆಳಗೆ ಹೋಗಿ ಮಲಗಿದರು. ‘ಟೈರ್ ನಂದ, ಗಾಡಿ ನಂದ. ನಾ ಹಿಡೀತೀನಿ ಭಾಬಿ, ನೀವ ನೋಡ್ರಿ’ ಅಂದರು. ಆ ಮನುಷ್ಯನ ಋಣ ನಾನು ಹೇಗೆ ತೀರಿಸಲಿ.

ಗಾಡಿಯನ್ನು ಸಪಾಟು ನೆಲದ ಮೇಲೆ ನೆಟ್ಟಗೆ ಒಂದಷ್ಟು ಮುಂದೆ ಎಳೆಸಿ ಬ್ರೇಕ್ ಬಿಡಿಸಿದೆವು, ಪಾಟಾಗಳು ತಮ್ಮಷ್ಟಕ್ಕೆ ತಾವು ಕುಳಿತುಕೊಳ್ಳಲಿ ಎಂದು. ಇದೆಲ್ಲ ನೋಡಿ ನೋಡಿ ಗೊತ್ತಿತ್ತು. ಟೈರಿಗೆ ತಂತಿ ತಾಗದಿರಲೆಂದು ಎಕ್ಸೆಲಿನ ಎರಡೂ ತುದಿಗೆ ನಿಮ್ಮ ಮೊಳದುದ್ದದ ಸರಳು ಕೂರಿಸಿದೆವು. ಜೇಡರ ಬಲೆ ಒರೆಸಿ ತಂತಿ ಇಳಿಸಿದೆ, ಕುಂಕುಮ ಮಾತ್ರ ಒರೆಸಲಿಲ್ಲ. ನೀವು ನಿಲ್ಲುವ ಜಾಗದಲ್ಲಿ ನಿಂತು ತಂತಿ ಎಳೆದು ‘ಹಿಡ್ದೀರಿ?’ ಅಂದೆ. ಇಪ್ಪತ್ತೇಳು ವರ್ಷ ಕೆಳಗೆ ಮಲಗಿ ಕೇಳಿದ ಮಾತು, ನನ್ನ ಬಾಯಿಂದ ಬಂದಾಗ ಬೇರೆ ಯಾರೋ ಆಡಿದಂತಿತ್ತು. ‘ಹಿಡ್ದೀನಿ’ ಎಂದು ಮೆಹಬೂಬಭಾಯ್ ಅಂದರು. ಎಡಗಡೆ ಎಳೆದು ಅಷ್ಟಕ್ಕೆ ಗುರುತೆಂದು ತಂತಿಗೆ ಚಿಮಟಿಗೆ ಹಾಕಿದೆ, ಬಲಗಡೆಗೆ ಹೋದೆ. ಎಳೆದು ನಿಂತಿದ್ದಾಗ ಒಮ್ಮೆಲೇ ನನ್ನ ಬೆರಳಿನಲ್ಲಿ ತಂತಿ ಸಣ್ಣಗೆ ಅದುರಿ ಒಂದು ಎಳೆಯಷ್ಟು ಸಡಿಲಾಯಿತು. ‘ಭಾಯ್, ಜರಗಿತು’ ಎಂದು ಕೂಗಿದೆ. ಅವರು ನೋಡಿಕೊಂಡರೆ ಗುಂಡು ಕುಳಿಯಿಂದ ಜೋಳದ ಕಾಳಿನಷ್ಟು ಜಾರಿತ್ತು, ಮತ್ತೆ ಒತ್ತಿ ಕೂರಿಸಿದರು. ‘ನನ್ನ ಕೈಯಾಗ ಇದ್ದದ್ದು ನನಗ ಗೊತ್ತಾಗಿಲ್ಲ ಭಾಬಿ, ನಿಮಗ ಅಲ್ಲಿಂದ ಹ್ಯಾಂಗ ಗೊತ್ತಾತು?’ ಎಂದು ಕೇಳಿದರು. ನಾನು ತಂತಿ ಹಿಡಿದ ನನ್ನ ಬೆರಳನ್ನೇ ನೋಡುತ್ತಿದ್ದೆ. ಅಲ್ತಾಫ್, ಭಾಬಿ ಏನಾಯಿತು ಎಂದು ಬಂದ. ಏನಿಲ್ಲ, ರಾಡು ತಿರುವು ಎಂದೆ.

ಬಲಗಡೆ ಒಂದೂವರೆ ಬೆರಳು ಹೆಚ್ಚಿತ್ತು. ಅಲ್ತಾಫ್ ಟಾರ್ಕ್ ರಾಡಿನ ನಟ್ಟು ಸಡಿಲಿಸಿ ಅರ್ಧರ್ಧ ಸುತ್ತು ತಿರುವಿದ, ನಾನು ಮತ್ತೆ ಎಳೆದೆ, ಅವನು ಮತ್ತೆ ತಿರುವಿದ. ನಾಲ್ಕನೆಯ ಸಲಕ್ಕೆ ಚಿಮಟಿಗೆ ಎರಡೂ ಸರಳಿನ ತುದಿಗೆ ಒಂದೇ ಕಡೆ ಬಂದು ಮುಟ್ಟಿತು. ನಂಬಿಕೆ ಬರದೆ ಎಡಕ್ಕೆ ಹೋಗಿ ನೋಡಿದೆ, ಬಲಕ್ಕೆ ಬಂದು ನೋಡಿದೆ, ಮತ್ತೆ ಎಡಕ್ಕೆ ಹೋದೆ. ಆಮೇಲೆ ಮೊದಲನೆಯ ಎಕ್ಸೆಲಿನಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು. ನಟ್ಟು ಬಿಗಿದು, ಗಾಡಿ ಒಂದು ಮಾರು ಮುಂದೆ ಎಳೆಸಿ, ನಿಮ್ಮ ಹಾಗೆ ಎಲ್ಲವನ್ನೂ ಇನ್ನೊಂದು ಸಲ ನೋಡಿದೆ. ಊಟದ ಹೊತ್ತು ಮೀರಿತ್ತು, ಯಾರಿಗೂ ಹಸಿವಿನ ನೆನಪಿರಲಿಲ್ಲ. ಅಲ್ತಾಫ್ ಎರಡು ಕೊಡ ನೀರು ತಂದು ಅಂಗಳಕ್ಕೆ ಅಡ್ಡಲಾಗಿ ಹೊಡೆದ. ಮೆಹಬೂಬಭಾಯ್ ಹಾರ್ಸ್ ಹತ್ತಿ ಗಾಡಿಯನ್ನು ಆ ನೀರಿನ ಮೇಲಿಂದ ನೆಟ್ಟಗೆ ಒಣ ನೆಲಕ್ಕೆ ಹಾಯಿಸಿದರು. ನಾನು ಸೆರಗು ಕಚ್ಚಿಕೊಂಡು ನಿಂತಿದ್ದೆ. ಸೊಟ್ಟ ಗಾಡಿಯಾದರೆ ಹಿಂದಿನ ಗಾಲಿಗಳ ಒದ್ದೆ ಗುರುತು ಹಾರ್ಸಿನ ಗುರುತಿನ ಪಕ್ಕಕ್ಕೆ ಬೀಳುತ್ತದಲ್ಲ? ಇಲ್ಲಿ ಗುರುತಿನ ಮೇಲೇ ಗುರುತು ಬಿದ್ದಿತ್ತು. ಹಿಂದೆ ಅಷ್ಟು ಗಾಲಿ ಉರುಳಿವೆ ಎಂದು ಹೇಳಲೇ ಬರುವಂತಿರಲಿಲ್ಲ. ಆ ಒದ್ದೆ ಗೆರೆ ಬಿಸಿಲಿಗೆ ಆರುವ ತನಕ ನಾನು ಅಲ್ಲಿಂದ ಕದಲಲಿಲ್ಲ.

ಇನ್ನೂ ಇದೆ ಕೇಳಿ. ರಸ್ತೆಯಲ್ಲಿ ನೋಡದೆ ನನಗೆ ಸಮಾಧಾನವಿಲ್ಲ ಎಂದೆ. ಮೆಹಬೂಬಭಾಯ್ ಖಾಲಿ ಗಾಡಿ ಹುಮನಾಬಾದಿನ ಕಡೆ ಹೊಡೆದರು, ನಾನು ಅಲ್ತಾಫನ ಬೈಕಿನಲ್ಲಿ ಹಿಂದೆ. ಇಷ್ಟು ವರ್ಷ ಟ್ರೇಲರುಗಳ ಕೆಳಗೆ ಮಲಗಿದವಳು, ಒಂದೇ ಒಂದು ಟ್ರೇಲರ್ ರಸ್ತೆಯಲ್ಲಿ ಓಡುವುದನ್ನು ಹಿಂದಿನಿಂದ ನೋಡಿರಲಿಲ್ಲ. ನನಗೆ ಗೊತ್ತಿದ್ದದ್ದು ಬರೀ ಅದರ ಹೊಟ್ಟೆ, ಗ್ರೀಸು, ಮಣ್ಣು. ಅದು ಹೋಗುವುದನ್ನು ನೋಡಬೇಕಿತ್ತು ನೀವು. ಹಿಂದಿನಿಂದ ನೋಡಿದರೆ ಮುಂದೆ ಹಾರ್ಸ್ ಇದೆಯೆಂದೇ ತಿಳಿಯದು, ಟ್ರೇಲರಿನ ಬೆನ್ನ ಹಿಂದೆ ಪೂರ್ತಿ ಮುಚ್ಚಿಹೋಗಿತ್ತು, ಎಡಕ್ಕೆ ಒಂದು ಬೆರಳು ಇಲ್ಲ, ಬಲಕ್ಕೆ ಒಂದು ಬೆರಳು ಇಲ್ಲ. ಎರಡೂ ಬದಿಗೆ ತೊಗರಿ ಹೊಲ, ನಡುವೆ ಕರೀ ರಸ್ತೆ, ಅದರ ಮೇಲೆ ಬಿಳೀ ಪಟ್ಟಿ, ಆ ಪಟ್ಟಿಯ ಗುಂಟ ಮನೆಯಷ್ಟು ದೊಡ್ಡ ಕಬ್ಬಿಣ ನೆಟ್ಟಗೆ ಹೋಗುತ್ತಿದೆ. ಇದನ್ನು ನೆಟ್ಟಗೆ ಮಾಡಿದ್ದು ಒಂದು ತಂತಿ, ಅದರ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು. ಇಪ್ಪತ್ತೇಳು ವರ್ಷದಲ್ಲಿ ಇಂಥವು ಎಷ್ಟು ಕಳಿಸಿರಬಹುದು ನಾವು, ಎಲ್ಲೆಲ್ಲಿ ಓಡುತ್ತಿರಬಹುದು, ಮುಂಬೈಯಲ್ಲೋ, ವಿಜಯವಾಡದಲ್ಲೋ. ಮಾಣಿಕನಗರದ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ನಾನು ಸುತ್ತ ನಡೆದು ಹನ್ನೆರಡು ಟೈರನ್ನೂ ಎಡಗೈಯಿಂದ ಮುಟ್ಟಿ ನೋಡಿದೆ. ಸೊಟ್ಟ ಇದ್ದರೆ ಯಾವುದೋ ಒಂದು ಹೆಚ್ಚು ಕಾಯುತ್ತದೆ ಎಂದು ನೀವೇ ಹೇಳುತ್ತಿದ್ದಿರಿ. ಹನ್ನೆರಡೂ ಒಂದೇ ಬೆಚ್ಚಗಿದ್ದವು, ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿಯಷ್ಟು. ಅಲ್ಲೇ ಗಾಲಿಗೆ ಹಣೆ ಹಚ್ಚಿ ನಿಂತೆ. ಮೆಹಬೂಬಭಾಯ್ ಮುಖ ಆ ಕಡೆ ತಿರುಗಿಸಿಕೊಂಡು ಚಹಾ ಕುಡಿದರು. ‘ಎರಡ ಬೆರಳಿನಾಗ ಸ್ಟೇರಿಂಗ್ ಹಿಡ್ಕೊಂಡ ಬಂದೀನಿ ಭಾಬಿ’ ಎಂದು ಆಮೇಲೆ ಹೇಳಿದರು.

ಇಷ್ಟು ಸುದ್ದಿ. ಗುಳಿಗೆ ತಪ್ಪಿಸುತ್ತಿಲ್ಲ, ಚಹಾಕ್ಕೆ ಸಕ್ಕರೆ ಬಿಟ್ಟಿದ್ದೇನೆ, ಹೋಳಿಗೆ ಮಾತ್ರ ಬಿಡುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಎಳ್ಳುಬೆಲ್ಲದ ಪೊಟ್ಟಣ ಇಟ್ಟಿದ್ದೇನೆ, ಪೂನಂಗೆ ಮುತ್ತು ಕೊಟ್ಟು ಅಜ್ಜಿ ಕೊಟ್ಟದ್ದು ಎಂದು ತಿನ್ನಿಸಿ. ಅಳಿಯ ಅಜೀತನ ಹೊಸ ಅಂಗಡಿಗೆ ಪಾಂಡುರಂಗ ಒಳ್ಳೆಯದು ಮಾಡಲಿ. ಮನಿಷಾಗೆ ನನ್ನ ಕೈಯ ಸುದ್ದಿ ಈಗಲೇ ಹೇಳಬೇಡಿ, ಅತ್ತು ರಂಪ ಮಾಡುತ್ತಾಳೆ. ಅಲ್ತಾಫ್ ನಿಮಗೆ ಸಲಾಂ ಹೇಳಿದ್ದಾನೆ. ದೊಡ್ಡವರು ನೀವು, ನಾನು ಆಶೀರ್ವಾದ ಮಾಡುವಂತಿಲ್ಲ, ಕಾಲಿಗೆ ಬೀಳುತ್ತೇನೆ.

ನಿಮ್ಮ
ಸುಮನಬಾಯಿ

ತಾ.ಕ.: ಮೆಹಬೂಬಭಾಯ್ ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದ್ದೇನೆ, ಮುಖ್ಯ ಮಾತೇ ಬಿಟ್ಟಿದ್ದೆ. ನಿನ್ನೆ ಮನಿಷಾಗೆ ಹೇಳಿ ನಿಮ್ಮ ಕಣ್ಣಿನ ಡಾಕ್ಟರ ಚೀಟಿಯ ಫೋಟೋ ತರಿಸಿದೆ, ಅಲ್ತಾಫ್ ಓದಿ ಹೇಳಿದ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ, ಮೇಲೆ ಕಣ್ಣಿನ ಸುದ್ದಿ ಕೇಳಿದ್ದು ನೀವೇ ಬಾಯಿಬಿಡಲಿ ಎಂದು. ನನಗೆ ಅದು ಗುರುವಾರವೇ ಗೊತ್ತಾಗಿತ್ತು, ಮೆಹಬೂಬಭಾಯ್ ಕೈ ಜಾರಿದ್ದು ತಂತಿ ನನ್ನ ಬೆರಳಿಗೆ ಹೇಳಿದಾಗಲೇ. ಒಂದು ದಿನ ನಿಮ್ಮ ತುದಿ ಹಿಡಿದ ನನಗೆ ಗೊತ್ತಾಗಿದ್ದು ನಿಮಗೆ ಗೊತ್ತಾಗಿರಲಿಲ್ಲವೇ? ಅವತ್ತು ಮೂರು ಸಲ ಕೇಳಿದಿರಿ, ಮೂರು ಸಲವೂ ನಾನು ಹಿಡಿದಿದ್ದೇನೆ ಅಂದೆ, ಮೂರು ಸಲವೂ ತಂತಿ ನಿಮಗೆ ಇಲ್ಲ ಎಂದು ಹೇಳಿತು. ನನ್ನ ಹೆಬ್ಬೆರಳನ್ನು ನಾಲ್ಕು ಜನರ ಮುಂದೆ ಸುಳ್ಳು ಮಾಡಲಾರದೆ ನಿಮ್ಮ ಕಣ್ಣನ್ನೇ ಸುಳ್ಳು ಮಾಡಿಕೊಂಡು ಹೋದಿರಿ. ಎಂಥ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದೆ ಎಂದು ನನಗೆ ಈಗ ತಿಳಿಯುತ್ತಿದೆ. ಇಷ್ಟು ಸಾಕು, ಇನ್ನು ಈ ಸುಳ್ಳು ಬೇಡ. ಗಾಡಿ ಮನಿಷಾಳ ಮನೆಯ ಹೊರಗೆ ನಿಂತಿರುತ್ತದೆ, ಹೋಗಿ ಟೈರಿನ ಮೇಲೆ ಕೈ ಆಡಿಸಿ, ಆಮೇಲೆ ಅದರಲ್ಲೇ ಹತ್ತಿ ಬನ್ನಿ. ಇನ್ನು ಮೇಲೆ ಗೂಟದ ಕಡೆ ನೀವು ಮಲಗಬೇಕು, ತಂತಿ ನಾನು ಎಳೆಯುತ್ತೇನೆ. ‘ಹಿಡ್ದೀರಿ?’ ಎಂದು ಈ ತುದಿಯಿಂದ ಒಂದೇ ಸಲ ಕೇಳುತ್ತೇನೆ. ಫೋನಿನಲ್ಲಿ ಹೂಂ ಅನ್ನಬೇಡಿ, ಗಾಡಿ ಕೆಳಗಿನಿಂದ ಉತ್ತರ ಕೊಡಿ.